ಹಿಂಡಿನ ಹಿಂದೆ ಬೀಳುವ ಕುರಿ: ಗುಡ್ಡದ ಕುರಿ ಸಾಕಣೆಗೆ ಒಂದು ದೋಷ ನಿವಾರಣೆ ಕೈಪಿಡಿ

ಯಾದಗಿರಿ ಜಿಲ್ಲೆಯ ಸುರಪುರ, ಶಹಾಪುರ ಸೀಮೆಯ ಕಲ್ಲುಗುಡ್ಡಗಳಲ್ಲಿ ಮನೆಮಂದಿಯೇ ಸೇರಿ ಕೆಂಗುರಿ, ಡೆಕ್ಕನಿ ತಳಿಯ ಕುರಿ ಸಾಕುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಮ್ಮದೂ ಅಂಥದೇ ಮನೆ. ಈ ಎರಡೂ ತಳಿಗಳು ಬಿಸಿಲು, ಬರ, ದೂರದ ನಡಿಗೆ ಎಲ್ಲವನ್ನೂ ತಾಳಿಕೊಳ್ಳುತ್ತವೆ. ಹಾಗೆ ತಾಳಿಕೊಳ್ಳುವುದರಿಂದಲೇ ಇವುಗಳ ಕಾಯಿಲೆ ಕಣ್ಣಿಗೆ ಬೀಳುವುದು ತಡ. ನಾಟಿ ಕುರಿಯೊಂದು ಮೇವು ಬಿಟ್ಟು ನಿಂತಿದೆ ಎಂದರೆ ಅದು ಕೆಲವು ದಿನಗಳಿಂದಲೇ ನರಳುತ್ತಿರಬಹುದು.

ಔಷಧದ ಬಾಟಲಿಗೆ ಕೈ ಹಾಕುವ ಮುಂಚೆ ಹಿಂಡನ್ನು ಹೊಡೆದುಕೊಂಡು ಹೋದವರನ್ನು ಕೇಳಿ: ಈ ಮೂರ್ನಾಲ್ಕು ದಿನ ಕುರಿಗಳು ಎಲ್ಲೆಲ್ಲಿ ಮೇಯ್ದವು, ಎಲ್ಲಿ ನೀರು ಕುಡಿದವು, ಯಾರ ಹೊಲಕ್ಕೆ ನುಗ್ಗಿದವು? ಕಾಯಿಲೆಯ ಅರ್ಧ ಸುಳಿವು ಕುರಿಯ ಮೈಮೇಲಿರುತ್ತದೆ, ಉಳಿದರ್ಧ ಅದು ನಡೆದು ಬಂದ ದಾರಿಯಲ್ಲಿರುತ್ತದೆ. ಕೇಳುವಾಗ ಗದರಬೇಡಿ. ಕುರಿ ಕಾಯುವವನು ಮನೆಯ ಹುಡುಗನೇ ಇರಲಿ, ಅಜ್ಜನೇ ಇರಲಿ, ಬೈಗುಳದ ಭಯವಿದ್ದರೆ ಕುರಿ ಪಕ್ಕದವರ ಜೋಳಕ್ಕೆ ಬಾಯಿ ಹಾಕಿದ್ದನ್ನು ಮುಚ್ಚಿಡುತ್ತಾನೆ. ಆ ಒಂದು ಮಾತು ಸಿಗದೆ ವೈದ್ಯರೂ ಕತ್ತಲಲ್ಲಿ ತಡಕಾಡಬೇಕಾಗುತ್ತದೆ.

ಯಾವ ಲಕ್ಷಣ ಕಂಡರೂ ಮೊದಲು ಮಾಡಬೇಕಾದ ತಪಾಸಣೆ

ಇದಕ್ಕೆ ಬೇಕಾದದ್ದು ಒಂದು ಡಿಜಿಟಲ್ ಥರ್ಮಾಮೀಟರ್ ಮತ್ತು ಹಗಲು ಬೆಳಕು. ಬೆಳಿಗ್ಗೆ ಹಟ್ಟಿಯಿಂದ ಹೊರಡಿಸುವ ಮುಂಚೆ ನೋಡುವುದು ಒಳ್ಳೆಯದು. ಬೇಸಿಗೆಯ ಮಧ್ಯಾಹ್ನ ಆರೋಗ್ಯವಾಗಿರುವ ಕುರಿಯ ಮೈಯೂ ಕಾದಿರುತ್ತದೆ. ಥರ್ಮಾಮೀಟರಿನ ತುದಿಗೆ ಎಣ್ಣೆ ಸವರಿ ಗುದದ್ವಾರದಲ್ಲಿ ಇಟ್ಟು ನೋಡಿ. ತಂಪು ಹೊತ್ತಿನಲ್ಲಿ 102ರಿಂದ 103.5 ಡಿಗ್ರಿ ಫ್ಯಾರನ್‌ಹೀಟ್ ಇದ್ದರೆ ಸಹಜ, 104 ದಾಟಿದರೆ ಜ್ವರವೆಂದೇ ಎಣಿಸಿ. ನೂರರ ಕೆಳಗೆ ಇಳಿದಿದ್ದರೆ ಅದು ಜ್ವರಕ್ಕಿಂತ ಕೆಟ್ಟ ಸೂಚನೆ, ಕುರಿ ಸೋಲುತ್ತಿದೆ ಎಂದರ್ಥ.

ಆಮೇಲೆ ಕೆಳರೆಪ್ಪೆಯನ್ನು ಹೆಬ್ಬೆರಳಿನಿಂದ ಮೆಲ್ಲಗೆ ಕೆಳಗೆ ಎಳೆದು ಒಳಗಿನ ಬಣ್ಣ ನೋಡಿ. ಎಡ ಡೊಕ್ಕೆಯ ಮೇಲೆ, ಅಂದರೆ ಎಡ ಪಕ್ಕೆಲುಬುಗಳ ಹಿಂದಿನ ಹೊಟ್ಟೆಯ ಮೇಲೆ, ಮುಷ್ಟಿ ಒತ್ತಿ ಹಿಡಿಯಿರಿ. ಹೊಟ್ಟೆ ಕೆಲಸ ಮಾಡುತ್ತಿದ್ದರೆ ನಿಮಿಷಕ್ಕೆ ಒಂದೆರಡು ಬಾರಿ ಅಲೆಯಂತೆ ಉರುಳುವುದು ಕೈಗೆ ತಿಳಿಯುತ್ತದೆ. ಬಾಲದ ಕೆಳಗೆ ನೋಡಿ: ಹಿಕ್ಕೆ ಬಿಡಿಬಿಡಿಯಾಗಿದೆಯೇ, ಅಂಟಂಟಾಗಿದೆಯೇ, ನೀರಾಗಿದೆಯೇ? ಕೊನೆಗೆ ಹಿಂಡಿನ ಲೆಕ್ಕ. ಒಂದೇ ಕುರಿಗೆ ತೊಂದರೆಯಾಗಿದ್ದರೆ ಗಾಯ, ಮುಳ್ಳು, ಹೆರಿಗೆ ಇತ್ಯಾದಿಗಳನ್ನು ಮೊದಲು ಯೋಚಿಸಿ. ಒಂದೇ ದಿನ ಹಲವು ಕುರಿಗಳು ಮಂಕಾಗಿದ್ದರೆ ಮೇವು, ವಿಷ ಅಥವಾ ಅಂಟುರೋಗ.

ಜೊಲ್ಲು ಸುರಿಸುತ್ತಾ ನುಂಗಲಾರದೆ ನಿಂತ ಕುರಿಯ ಬಾಯಿಗೆ ಬರಿಗೈ ಹಾಕಬೇಡಿ. ನಾಯಿ, ತೋಳ, ನರಿ ಕಚ್ಚಿದ ಚರಿತ್ರೆ ಇದ್ದರಂತೂ ಹುಚ್ಚುನಾಯಿ ರೋಗದ ಶಂಕೆ ಇಟ್ಟುಕೊಂಡು ದೂರವಿರಿ, ವೈದ್ಯರನ್ನು ಕರೆಯಿರಿ.

ಹಿಂಡಿನ ಹಿಂದೆ ಬೀಳುತ್ತದೆ, ಗದ್ದದ ಕೆಳಗೆ ಬಾವು ಬಂದಿದೆ

ನಮ್ಮ ಭಾಗದಲ್ಲಿ ಮಳೆಗಾಲ ಕಾಲಿಟ್ಟ ಮೇಲೆ ಅತಿ ಹೆಚ್ಚು ಕಾಣುವ ತೊಂದರೆ ಇದೇ, ಅತಿ ಹೆಚ್ಚು ಹಣ ಪೋಲಾಗುವುದೂ ಇದರ ಹೆಸರಿನಲ್ಲೇ. ಕುರಿ ಮೇಯುತ್ತಿರುತ್ತದೆ, ಆದರೆ ಗುಡ್ಡ ಹತ್ತುವಾಗ ನಡುನಡುವೆ ನಿಲ್ಲುತ್ತದೆ. ಸಂಜೆ ಹೊತ್ತಿಗೆ ಗದ್ದದ ಕೆಳಗೆ ಮೆತ್ತಗೆ ನೀರು ತುಂಬಿದ ಚೀಲದಂತೆ ಊದಿಕೊಳ್ಳುತ್ತದೆ, ಬೆಳಿಗ್ಗೆ ಸ್ವಲ್ಪ ಇಳಿದಿರುತ್ತದೆ. ತಲೆ ತಗ್ಗಿಸಿ ಮೇಯುವಾಗ ನೀರು ಅಲ್ಲಿಗೆ ಇಳಿಯುವುದರಿಂದ ಹೀಗಾಗುತ್ತದೆ. ರಕ್ತದಲ್ಲಿನ ಪ್ರೋಟೀನು ಸೋರಿಹೋಗಿದೆ ಎಂಬುದಕ್ಕೆ ಈ ಬಾವು ಗುರುತು.

ಇಲ್ಲಿ ರೆಪ್ಪೆಯ ಬಣ್ಣವೇ ದಾರಿ ತೋರಿಸುತ್ತದೆ. ಒಳರೆಪ್ಪೆ ಕೆಂಪಗಿದ್ದರೆ ರಕ್ತ ಸರಿಯಿದೆ. ತಿಳಿಗುಲಾಬಿ ಇದ್ದರೆ ಗಮನಿಸುತ್ತಿರಿ. ಕಾಗದದಂತೆ ಬಿಳಿಚಿಕೊಂಡಿದ್ದರೆ ರಕ್ತ ಬತ್ತಿದೆ. ಕೆಂಪಿನಿಂದ ಬಿಳಿಯವರೆಗೆ ಐದು ಹಂತಗಳಿರುವ ಫಮಾಚಾ ಎಂಬ ಬಣ್ಣದ ಕಾರ್ಡು ಇದಕ್ಕೆಂದೇ ಇದೆ. ಕೊನೆಯ ಎರಡು ಹಂತದ ಕುರಿಗಳಿಗೆ ಔಷಧ ಬೇಕೇ ಬೇಕು. ಕಾರ್ಡು ಸಿಗದಿದ್ದರೆ ಹಿಂಡಿನಲ್ಲೇ ಚೆನ್ನಾಗಿರುವ ಟಗರೊಂದರ ರೆಪ್ಪೆಯನ್ನು ಪಕ್ಕದಲ್ಲಿಟ್ಟು ಹೋಲಿಸಿ.

ರೆಪ್ಪೆ ಬಿಳಿಚಿದೆ, ಗದ್ದ ಊದಿದೆ, ಆದರೆ ಹಿಕ್ಕೆ ಗಟ್ಟಿಯಾಗಿಯೇ ಇದೆ ಎಂದಾದರೆ ಬಹುಪಾಲು ಅದು ಹೀಮಾಂಕಸ್ ಎಂಬ ದುಂಡುಹುಳುವಿನ ಕೆಲಸ. ಇದು ಕುರಿಯ ನಾಲ್ಕನೆಯ ಹೊಟ್ಟೆಯ ಒಳಗೋಡೆಗೆ ಕಚ್ಚಿಕೊಂಡು ರಕ್ತ ಹೀರುತ್ತದೆ. ಒಂದು ಹುಳು ದಿನಕ್ಕೆ ಹೀರುವುದು ಸುಮಾರು 0.05 ಮಿಲಿಲೀಟರ್. ಸಾವಿರ ಹುಳುಗಳಿದ್ದರೆ ದಿನಕ್ಕೆ 50 ಮಿಲಿಲೀಟರ್ ಹೋಯಿತು. ಮೂವತ್ತು ಕೆಜಿ ತೂಗುವ ಕುರಿಯ ಮೈಯಲ್ಲಿರುವ ಒಟ್ಟು ರಕ್ತವೇ ಎರಡು ಲೀಟರಿನ ಆಸುಪಾಸು. ಹಾಗಾಗಿ ದಷ್ಟಪುಷ್ಟವಾಗಿ ಕಂಡ ಮರಿ ಕೆಲವೇ ವಾರಗಳಲ್ಲಿ ನೆಲ ಹಿಡಿಯುತ್ತದೆ.

ಈಗ ದಾರಿಯ ಪ್ರಶ್ನೆ. ಹಿಂಡು ಕೃಷ್ಣೆಯ ಕಾಲುವೆ ನೀರಿನ ಭತ್ತದ ಗದ್ದೆಗಳ ಬದುವಿನಲ್ಲಿ, ಕೊಯ್ಲು ಮುಗಿದ ಹಸಿ ಗದ್ದೆಯಲ್ಲಿ, ಕೆರೆಯಂಗಳದಲ್ಲಿ ಮೇಯ್ದಿದೆಯೇ? ನಾರಾಯಣಪುರ ಜಲಾಶಯದ ನೀರು ಬಂದ ಮೇಲೆ ನಮ್ಮ ಒಣಗುಡ್ಡದ ಕುರಿಗಳಿಗೆ ಬೇಸಿಗೆಯಲ್ಲೂ ಹಸಿರು ಸಿಕ್ಕಿತು, ಅದರೊಂದಿಗೆ ಬಸವನಹುಳುವಿನ ಸಹವಾಸವೂ ಸಿಕ್ಕಿತು. ಯಕೃತ್ತಿಗೆ ಇಳಿಯುವ ಚಪ್ಪಟೆ ಹುಳುವೂ, ಎಳೆಯದಿದ್ದಾಗ ಕರುಳಿನಲ್ಲೂ ಬೆಳೆದ ಮೇಲೆ ಮೊದಲ ಹೊಟ್ಟೆಯಲ್ಲೂ ನೆಲೆಸುವ ಇನ್ನೊಂದು ಬಗೆಯ ಹುಳುವೂ ಬಸವನಹುಳುವಿನ ಮೂಲಕವೇ ಕುರಿಗೆ ಬರುತ್ತವೆ. ಗದ್ದ ಊದಿರುವುದರ ಜೊತೆಗೆ ನಾರುವ ನೀರುಬೇಧಿ ಇದ್ದು, ಹಿಂಡು ಗದ್ದೆ ಬಯಲಿನಲ್ಲಿ ಮೇಯ್ದಿದ್ದರೆ ಎರಡನೆಯದರ ಎಳೆಯ ಹುಳುಗಳನ್ನು ಶಂಕಿಸಿ. ಬರೀ ಗುಡ್ಡದ ಮೇಲೆಯೇ ಮೇಯುವ ಹಿಂಡಿನಲ್ಲಿ ಇವು ಅಪರೂಪ.

ಈ ವ್ಯತ್ಯಾಸ ಔಷಧದ ಅಂಗಡಿಯಲ್ಲಿ ಹಣ ಉಳಿಸುತ್ತದೆ. ದುಂಡುಹುಳುವಿಗೆ ಕೊಡುವ ಮಾಮೂಲಿ ಪ್ರಮಾಣದ ಅಲ್ಬೆಂಡಜೋಲ್ ಎಳೆಯ ಚಪ್ಪಟೆ ಹುಳುಗಳನ್ನು ಮುಟ್ಟುವುದಿಲ್ಲ. ಅದಕ್ಕೆ ಆಕ್ಸಿಕ್ಲೋಜನೈಡ್, ಟ್ರೈಕ್ಲಾಬೆಂಡಜೋಲ್ ಮುಂತಾದ ಬೇರೆ ಔಷಧಗಳಿವೆ, ಯಾವ ಹುಳುವಿಗೆ ಯಾವುದು ಎಂದು ವೈದ್ಯರು ಹೇಳುತ್ತಾರೆ. ಹಿಕ್ಕೆ ಪರೀಕ್ಷೆ ಮಾಡಿಸಿದರೆ ಊಹೆಯ ಅಗತ್ಯವೇ ಇರುವುದಿಲ್ಲ. ತಾಲ್ಲೂಕು ಪಶು ಆಸ್ಪತ್ರೆಯಲ್ಲಿ ಸೂಕ್ಷ್ಮದರ್ಶಕವಿದ್ದರೆ ಅಲ್ಲೇ ಆಗುವ ಕೆಲಸ ಅದು.

ಔಷಧ ಕೊಡುವಾಗ ನಾಲ್ಕು ಮಾತು ನೆನಪಿಡಿ. ಕುರಿಯನ್ನು ತೂಗಿ, ತೂಕಕ್ಕೆ ತಕ್ಕಂತೆ ಕೊಡಿ. ಕಣ್ಣಳತೆಯಲ್ಲಿ ಕಡಿಮೆ ಕೊಟ್ಟರೆ ಸಾಯದೆ ಉಳಿದ ಹುಳುಗಳು ಆ ಔಷಧಕ್ಕೆ ಜಗ್ಗದ ಸಂತತಿಯನ್ನು ಬೆಳೆಸುತ್ತವೆ. ಕುರಿಯ ತಲೆಯನ್ನು ಆಕಾಶಕ್ಕೆ ಎತ್ತಿ ಸುರಿಯಬೇಡಿ, ಔಷಧ ಶ್ವಾಸಕೋಶಕ್ಕೆ ಇಳಿಯುತ್ತದೆ. ಮೂತಿ ನೆಲಕ್ಕೆ ಸಮನಾಗಿರಲಿ, ಬಾಯಿಯ ಮೂಲೆಯಿಂದ ನಿಧಾನವಾಗಿ ಒಳಕ್ಕೆ ಬಿಡಿ. ಗಬ್ಬದ ಮೊದಲ ತಿಂಗಳಿನಲ್ಲಿರುವ ಕುರಿಗೆ ಅಲ್ಬೆಂಡಜೋಲ್ ಬೇಡ, ಹೊಟ್ಟೆಯ ಮರಿಗೆ ತೊಂದರೆಯಾಗುತ್ತದೆ. ಇನ್ನು, ಇಡೀ ಹಿಂಡಿಗೆ ತಿಂಗಳಿಗೊಮ್ಮೆ ಕುಡಿಸುವ ಪದ್ಧತಿಯನ್ನು ದಯವಿಟ್ಟು ಬಿಡಿ. ರೆಪ್ಪೆ ನೋಡಿ, ಬಿಳಿಚಿದವುಗಳಿಗೆ ಮಾತ್ರ ಕೊಡಿ. ನಮ್ಮ ತಳಿಗಳಲ್ಲಿ ಹುಳುವನ್ನು ಸಹಿಸಿಯೂ ಕೆಂಪು ರೆಪ್ಪೆ ಉಳಿಸಿಕೊಳ್ಳುವ ಕುರಿಗಳಿರುತ್ತವೆ. ಅವುಗಳನ್ನು ಗುರುತಿಸಿ ಅವುಗಳ ಹೆಣ್ಣುಮರಿಗಳನ್ನು ಮನೆಯಲ್ಲೇ ಉಳಿಸಿಕೊಳ್ಳಿ. ತಳಿ ಉಳಿಸುವ ಕೆಲಸ ನಡೆಯುವುದು ಹೀಗೆ.

ಖರ್ಚಿಲ್ಲದ ಉಪಾಯವೂ ಒಂದಿದೆ. ಹುಳುವಿನ ಮರಿಗಳು ಇಬ್ಬನಿಯ ತೇವ ಹಿಡಿದು ಹುಲ್ಲಿನ ಎಸಳೇರುತ್ತವೆ. ಮಳೆಗಾಲದಲ್ಲಿ ಇಬ್ಬನಿ ಆರಿದ ಮೇಲೆ ಹಿಂಡು ಹೊರಡಿಸಿ, ತಗ್ಗಿನ ಎಳೆಹುಲ್ಲಿಗಿಂತ ಗುಡ್ಡದ ಗಿಡಗಂಟಿಗಳ ಕಡೆ ತಿರುಗಿಸಿ.

ಬಿಳಿಚಿದ ರೆಪ್ಪೆಯ ಕುರಿ ನೆಲ ಹಿಡಿದಿದ್ದರೆ ಮನೆಮದ್ದಿನ ಸಮಯ ಮುಗಿದಿದೆ. ಅದನ್ನು ನಡೆಸಬೇಡಿ, ನೆರಳಿನಲ್ಲಿ ಮಲಗಿಸಿ ವೈದ್ಯರನ್ನು ಕರೆಸಿ.

ಎಡ ಡೊಕ್ಕೆ ಉಬ್ಬಿದೆ, ಹಲ್ಲು ಕಡಿಯುತ್ತದೆ

ಮೊದಲು ಎಡಗಡೆಯನ್ನು ಬೆರಳಿನಿಂದ ತಟ್ಟಿ. ತಮಟೆಯಂತೆ ಸದ್ದು ಬಂದರೆ ಗಾಳಿ ಅಥವಾ ನೊರೆ ತುಂಬಿದ ಉಬ್ಬರ. ಒತ್ತಿದಾಗ ಕಲಸಿದ ಹಿಟ್ಟಿನಂತೆ ಗುಳಿ ಬಿದ್ದರೆ ಕಾಳು ತಿಂದ ಅಜೀರ್ಣ. ಎರಡಕ್ಕೂ ದಾರಿ ಬೇರೆ.

ಉಬ್ಬರ ಸಾಮಾನ್ಯವಾಗಿ ಹಸಿ ಹೆಸರು, ಶೇಂಗಾ ಬಳ್ಳಿ, ಕುದುರೆಮೆಂತ್ಯೆಯಂತಹ ಎಳೆಯ ದ್ವಿದಳ ಮೇವನ್ನು ಖಾಲಿ ಹೊಟ್ಟೆಯಲ್ಲಿ ಮೇಯ್ದಾಗ ಬರುತ್ತದೆ. ಕುರಿ ಇನ್ನೂ ನಿಂತಿದ್ದು ನುಂಗಬಲ್ಲದಾದರೆ 50ರಿಂದ 100 ಮಿಲಿಲೀಟರ್ ಶೇಂಗಾ ಎಣ್ಣೆಯನ್ನು ನಿಧಾನವಾಗಿ ಕುಡಿಸಿ, ಮುಂಗಾಲು ಎತ್ತರದ ಕಡೆ ಇರುವಂತೆ ಇಳಿಜಾರಿನಲ್ಲಿ ನಿಲ್ಲಿಸಿ, ಎಡ ಡೊಕ್ಕೆಯನ್ನು ತಿಕ್ಕಿ. ಎಣ್ಣೆ ನೊರೆಯನ್ನು ಒಡೆಯುತ್ತದೆ, ತೇಗು ಬಂದು ಗಾಳಿ ಹೊರಬೀಳುತ್ತದೆ. ಅರ್ಧ ಗಂಟೆಯಲ್ಲಿ ಇಳಿಯದಿದ್ದರೆ, ಅಥವಾ ಬಾಯಿ ತೆರೆದು ಉಸಿರಾಡತೊಡಗಿದರೆ ತಡಮಾಡದೆ ವೈದ್ಯರನ್ನು ಕರೆಯಿರಿ. ಡೊಕ್ಕೆಗೆ ಸೂಜಿ, ಚಾಕು ಚುಚ್ಚುವ ಕೆಲಸ ನಿಮ್ಮದಲ್ಲ.

ಕಾಳು ತಿಂದ ಅಜೀರ್ಣ ನಮ್ಮಲ್ಲಿ ಸುಗ್ಗಿಯ ಕಾಯಿಲೆ. ಜೋಳ, ತೊಗರಿ, ಸಜ್ಜೆಯ ರಾಶಿ ಮಾಡಿದ ಕಣದಲ್ಲಿ ಉದುರಿದ ಕಾಳು, ಜಾತ್ರೆ ಮದುವೆಗಳಲ್ಲಿ ಉಳಿದ ಅನ್ನ, ಹಟ್ಟಿಯಲ್ಲಿ ಕಟ್ಟು ಬಿಚ್ಚಿಕೊಂಡ ಚೀಲ, ಇವೇ ಕಾರಣ. ಹೊಟ್ಟೆಯಲ್ಲಿ ಹುಳಿ ಹೆಚ್ಚಿ ಕುರಿ ಮೆಲುಕು ನಿಲ್ಲಿಸುತ್ತದೆ, ಹಲ್ಲು ಕಡಿಯುತ್ತದೆ, ಮರುದಿನ ಹುಳಿವಾಸನೆಯ ಬೇಧಿ, ಕುಡಿದವರಂತೆ ತೂರಾಡುವ ನಡಿಗೆ. ಗಮನಕ್ಕೆ ಬಂದ ಕೂಡಲೇ ಕಾಳು ತಪ್ಪಿಸಿ, ಒಣಮೇವು ಮಾತ್ರ ಕೊಡಿ. ನಡೆದಾಡುತ್ತಿರುವ ದೊಡ್ಡ ಕುರಿಗೆ 15ರಿಂದ 20 ಗ್ರಾಂ ಅಡುಗೆ ಸೋಡಾವನ್ನು ಬೆಚ್ಚಗಿನ ನೀರಿನಲ್ಲಿ ಕಲಸಿ ಕುಡಿಸಬಹುದು. ಮಲಗಿದ ಕುರಿಗೆ ಬಾಯಿಂದ ಏನನ್ನೂ ಹಾಕಬೇಡಿ, ಅದಕ್ಕೆ ರಕ್ತನಾಳದ ಮೂಲಕವೇ ದ್ರವ ಹೋಗಬೇಕು. ಬೇಸಿಗೆಯಲ್ಲಿ ಬಳ್ಳಾರಿ ಜಾಲಿಯ ಕಾಯಿಯನ್ನೇ ದಿನಗಟ್ಟಲೆ ತಿಂದ ಕುರಿಗಳಲ್ಲೂ ಹೊಟ್ಟೆ ಕಟ್ಟಿಕೊಳ್ಳುತ್ತದೆ. ಅಷ್ಟಿಷ್ಟು ತಿಂದರೆ ಒಳ್ಳೆಯ ಮೇವೇ, ಅದೊಂದೇ ಮೇವಾದಾಗ ಕಷ್ಟ.

ಮೇಯುತ್ತಿದ್ದಂತೆಯೇ ನಡುಗಿ ಬೀಳುತ್ತದೆ

ಈ ಒಂದು ಲಕ್ಷಣಕ್ಕೆ ಗಂಟೆಗಳ ಸಮಯ ಸಿಗುವುದಿಲ್ಲ, ನಿಮಿಷಗಳಷ್ಟೇ.

ಹಿಂಡು ಜೋಳದ ಎಳೆ ಪೈರಿಗೆ ನುಗ್ಗಿತ್ತೇ? ಅಥವಾ ಕೊಯ್ದ ಜೋಳದ ಕೂಳೆ ಮಳೆಗೆ ಮತ್ತೆ ಚಿಗುರಿದ ಹೊಲದಲ್ಲಿತ್ತೇ? ಜೋಳದ ಎಳೆಚಿಗುರಿನಲ್ಲಿ, ಅದರಲ್ಲೂ ನೀರಿಲ್ಲದೆ ಬಾಡಿ ನಿಂತ ಪೈರಿನಲ್ಲಿ, ಹೊಟ್ಟೆಗೆ ಹೋದಾಗ ಸಯನೈಡ್ ಆಗಿ ಬದಲಾಗುವ ಅಂಶವಿರುತ್ತದೆ. ಅದು ರಕ್ತದಲ್ಲಿರುವ ಆಮ್ಲಜನಕವನ್ನು ದೇಹದ ಜೀವಕೋಶಗಳು ಬಳಸದಂತೆ ತಡೆಯುತ್ತದೆ. ಹಾಗಾಗಿ ಕುರಿ ಏದುಸಿರು ಬಿಡುತ್ತಿದ್ದರೂ ಒಸಡು, ರೆಪ್ಪೆ ಕಡುಗೆಂಪಗೆ ಹೊಳೆಯುತ್ತವೆ. ಇದು ಗಟ್ಟಿ ಗುರುತು. ಒಸಡು ಕಂದು ಬಣ್ಣಕ್ಕೆ ತಿರುಗಿದ್ದರೆ ಯೂರಿಯಾ ಹೆಚ್ಚು ಹಾಕಿದ ಬೆಳೆಯ ನೈಟ್ರೇಟ್ ವಿಷವಿರಬಹುದು. ಜೊಲ್ಲು, ಕಣ್ಣೀರು, ಬೇಧಿ, ಮೈನಡುಕ, ಸೂಜಿಮೊನೆಯಷ್ಟು ಕಿರಿದಾದ ಕಣ್ಣಪಾಪೆ ಕಂಡರೆ ಹತ್ತಿ, ತೊಗರಿ, ಮೆಣಸಿನಕಾಯಿ ಹೊಲಗಳಿಗೆ ಸಿಂಪಡಿಸಿದ ಕೀಟನಾಶಕ.

ಮೂರರಲ್ಲಿ ಯಾವುದೇ ಆದರೂ ಮೊದಲ ಕೆಲಸ ಉಳಿದ ಹಿಂಡನ್ನು ಆ ಹೊಲದಿಂದ ಹೊರಕ್ಕೆ ತರುವುದು. ಎರಡನೆಯದು ಫೋನ್. 1962 ಸಂಖ್ಯೆಯ ಪಶು ಸಹಾಯವಾಣಿಗೋ ಹತ್ತಿರದ ಪಶುವೈದ್ಯರಿಗೋ ಕರೆ ಮಾಡಿ, ಯಾವ ಬೆಳೆ, ಒಸಡಿನ ಬಣ್ಣ ಯಾವುದು ಎಂದು ಮೊದಲ ವಾಕ್ಯದಲ್ಲೇ ಹೇಳಿ. ಜೋಳದ ವಿಷಕ್ಕೆ, ಕೀಟನಾಶಕಕ್ಕೆ ಪ್ರತ್ಯೇಕ ಪ್ರತಿವಿಷದ ಚುಚ್ಚುಮದ್ದುಗಳಿವೆ. ಒಂದರ ಮದ್ದು ಇನ್ನೊಂದಕ್ಕೆ ಆಗುವುದಿಲ್ಲ, ಕೆಲವೊಮ್ಮೆ ಅಪಾಯವೂ ಹೌದು. ಆದ್ದರಿಂದ ಸಿಂಪಡಿಸಿದ ಔಷಧದ ಡಬ್ಬಿಯನ್ನು ಹುಡುಕಿ ತಂದಿಡಿ. ಕೀಟನಾಶಕ ಮೈಮೇಲೆ ಬಿದ್ದಿದ್ದರೆ ಕೈಗವಸು ಹಾಕಿಕೊಂಡು ಸೋಪು ನೀರಿನಲ್ಲಿ ತೊಳೆಯಿರಿ. ಆ ಕುರಿಯ ಹಾಲು, ಮಾಂಸ ಬಳಸಬೇಡಿ.

ಚೆನ್ನಾಗಿ ಒಣಗಿದ ಜೋಳದ ಕಣಿಕೆಯಲ್ಲಿ ಸಯನೈಡಿನ ಭಯ ಬಹಳ ಕಡಿಮೆ. ಹಸಿ ಚಿಗುರಿನದೇ ಭಯ.

ಕುಂಟುತ್ತದೆ

ಒಂದೇ ಕುರಿ, ಒಂದೇ ಕಾಲು: ಕುರಿಯನ್ನು ಕೂರಿಸಿಕೊಂಡು ಗೊರಸುಗಳ ನಡುವೆ ಬೆಳಕು ಹಾಯಿಸಿ ನೋಡಿ. ನಮ್ಮ ಗುಡ್ಡಗಳಲ್ಲಿ ಜಾಲಿಮುಳ್ಳು, ಕಲ್ಲಿನ ಚೂರು, ಸಂದಿನಲ್ಲಿ ಒಣಗಿ ಗಟ್ಟಿಯಾದ ಎರೆಮಣ್ಣು, ಇವೇ ಹೆಚ್ಚಿನ ಕಾರಣ. ಮುಳ್ಳು ತೆಗೆದು, ಉಪ್ಪುನೀರಿನಲ್ಲಿ ತೊಳೆದು, ಪೋವಿಡೋನ್ ಅಯೋಡಿನ್ ಹಚ್ಚಿದರೆ ಸಾಕು. ಹುಳ ಬಿದ್ದಿದ್ದರೆ ಆರಿಸಿ ತೆಗೆದು ನೊಣ ಕೂರದ ಮುಲಾಮು ಹಚ್ಚಿ.

ಹಲವು ಕುರಿ ಕುಂಟುತ್ತಿದ್ದು, ಗೊರಸಿನ ಸಂದಿನಿಂದ ಮೂಗು ಮುಚ್ಚುವಂಥ ಕೊಳೆತ ವಾಸನೆ ಬಂದರೆ ಅದು ಗೊರಸು ಕೊಳೆ. ಕೆಸರು ಹಟ್ಟಿಯಲ್ಲಿ ಒಂದರಿಂದ ಒಂದಕ್ಕೆ ಹರಡುತ್ತದೆ. ಸಡಿಲವಾದ ಗೊರಸನ್ನು ರಕ್ತ ಬಾರದಷ್ಟೇ ಕತ್ತರಿಸಿ, ಕತ್ತರಿಸಿದ ಚೂರುಗಳನ್ನು ಸುಟ್ಟುಬಿಡಿ. ಹತ್ತು ಲೀಟರ್ ನೀರಿಗೆ ಒಂದು ಕೆಜಿ ಸತುವಿನ ಸಲ್ಫೇಟ್ ಕರಗಿಸಿ, ಅಗಲವಾದ ತಗ್ಗು ತೊಟ್ಟಿಯಲ್ಲಿ ಕುರಿಗಳನ್ನು ಸ್ವಲ್ಪ ಹೊತ್ತು ನಿಲ್ಲಿಸಿ, ಆಮೇಲೆ ಒಣನೆಲದಲ್ಲಿ ಬಿಡಿ. ಮೈಲುತುತ್ತವನ್ನು, ಅಂದರೆ ತಾಮ್ರದ ಸಲ್ಫೇಟನ್ನು, ಬಳಸುವವರೂ ಇದ್ದಾರೆ. ತಾಮ್ರ ಕುರಿಗೆ ದನಕ್ಕಿಂತ ಬೇಗ ವಿಷವಾಗುವುದರಿಂದ ನಾನು ಅದನ್ನು ಹೇಳುವುದಿಲ್ಲ. ಬಾಯಾರಿದ ಕುರಿ ತೊಟ್ಟಿಗೆ ಬಾಯಿ ಹಾಕದಂತೆ ಮೊದಲೇ ನೀರು ಕುಡಿಸಿ ತನ್ನಿ. ದನಗಳಿಗೆಂದು ಮಾಡಿದ, ತಾಮ್ರ ಹೆಚ್ಚಿರುವ ಖನಿಜ ಮಿಶ್ರಣವನ್ನೂ ಇದೇ ಕಾರಣಕ್ಕೆ ಕುರಿಗಳಿಗೆ ಕೊಡಬೇಡಿ.

ಕುಂಟುವುದರ ಜೊತೆ ಜ್ವರವಿದ್ದರೆ ಇಲ್ಲಿಗೆ ನಿಲ್ಲಿಸಿ, ವೈದ್ಯರನ್ನು ಕರೆಯಿರಿ. ಗೊರಸು ಮತ್ತು ಚರ್ಮ ಕೂಡುವ ಗೆರೆ ಕೆಂಪಾಗಿ ಊದಿದ್ದರೆ ನೀಲಿನಾಲಿಗೆ ರೋಗ. ಗೊರಸಿನ ಸಂದಿನಲ್ಲಿ ನೀರುಗುಳ್ಳೆ ಒಡೆದ ಹುಣ್ಣುಗಳಿದ್ದರೆ ಕಾಲುಬಾಯಿ ಜ್ವರ. ಕುರಿಗಳಲ್ಲಿ ಇದು ದನಗಳಷ್ಟು ಜೋರಾಗಿ ಕಾಣದೆ ಬರೀ ಕುಂಟುವಿಕೆಯಾಗಿ ಕಾಣಬಹುದು. ತೊಡೆಯ ಮಾಂಸ ಊದಿ, ಒತ್ತಿದಾಗ ಚರ್ಮದಡಿ ಚರಚರ ಎಂದರೆ ಚಪ್ಪೆ ರೋಗ.

ಮೂಗು ಸುರಿಯುತ್ತದೆ, ಬಾಯಲ್ಲಿ ಹುಣ್ಣು

ಒಂದೇ ಹೊಳ್ಳೆಯಿಂದ ಗಟ್ಟಿ ಸಿಂಬಳ, ಪದೇ ಪದೇ ಸೀನು, ತಲೆ ಕೊಡವುವುದು, ಆದರೆ ಮೇವು ತಿನ್ನುತ್ತದೆ, ಜ್ವರವಿಲ್ಲ ಎಂದರೆ ಮೂಗಿನಲ್ಲಿ ನೊಣದ ಮರಿಹುಳು ಸೇರಿಕೊಂಡಿರುತ್ತದೆ. ಜೀವಕ್ಕೆ ಅಪಾಯವಿಲ್ಲ. ಐವರ್ಮೆಕ್ಟಿನ್‌ನಂತಹ ಔಷಧಕ್ಕೆ ಬಗ್ಗುತ್ತದೆ.

ಎರಡೂ ಹೊಳ್ಳೆ, ಎರಡೂ ಕಣ್ಣು ಸುರಿಯುತ್ತಿದ್ದು ಜ್ವರವೂ ಇದ್ದರೆ ಹಗುರವಾಗಿ ತೆಗೆದುಕೊಳ್ಳಬೇಡಿ. ಜನ ಬಹಳ ಗೊಂದಲ ಮಾಡಿಕೊಳ್ಳುವ ಮೂರು ರೋಗಗಳು ಇಲ್ಲಿವೆ.

ಪಿಪಿಆರ್, ಅಂದರೆ ಆಡು ಕುರಿಗಳ ಹಿರೇಬೇನೆ: ಕಣ್ಣು ಮೂಗಿನ ಸೋರಿಕೆ ಮೊದಲು ನೀರಾಗಿ, ಆಮೇಲೆ ಕೀವಿನಂತೆ ಗಟ್ಟಿಯಾಗಿ ರೆಪ್ಪೆಗಳನ್ನೇ ಅಂಟಿಸುತ್ತದೆ. ಒಸಡಿನಲ್ಲಿ ತವುಡು ಅಂಟಿದಂತೆ ಹುಣ್ಣು, ದುರ್ವಾಸನೆ, ನಾಲ್ಕೈದು ದಿನದಲ್ಲಿ ಬೇಧಿ, ಕೆಮ್ಮು. ಉಸಿರು, ಸೋರಿಕೆಗಳ ಮೂಲಕ ಹರಡುತ್ತದೆ. ದಾರಿಯ ಪ್ರಶ್ನೆಗೆ ಇಲ್ಲಿ ಸಿಗುವ ಉತ್ತರ ಸಾಮಾನ್ಯವಾಗಿ ಸಂತೆ: ಹೊಸದಾಗಿ ಕೊಂಡು ತಂದ ಮರಿ, ಅಥವಾ ಮಾರಾಟವಾಗದೆ ವಾಪಸು ಬಂದ ಟಗರು.

ನೀಲಿನಾಲಿಗೆ: ಮುಖ, ತುಟಿ ಊದಿಕೊಳ್ಳುತ್ತವೆ, ಜೊಲ್ಲು, ಕುಂಟು, ಕೆಲವೊಮ್ಮೆ ಕತ್ತು ಒಂದು ಕಡೆಗೆ ತಿರುಚಿಕೊಳ್ಳುತ್ತದೆ. ಹೆಸರಿನಲ್ಲಿ ನೀಲಿ ಇದ್ದರೂ ನಾಲಿಗೆ ನೀಲಿಯಾಗುವುದು ಎಲ್ಲ ಕುರಿಗಳಲ್ಲಿ ಕಾಣುವುದಿಲ್ಲ. ಅದನ್ನೇ ಕಾಯುತ್ತಾ ಕೂರಬೇಡಿ. ಇದು ಕುರಿಯಿಂದ ಕುರಿಗೆ ನೇರವಾಗಿ ಅಂಟುವುದಿಲ್ಲ, ಕ್ಯುಲಿಕಾಯ್ಡಿಸ್ ಎಂಬ ಪುಟ್ಟ ಕಚ್ಚುನೊಣ ಹರಡುತ್ತದೆ. ಮಳೆ ಮುಗಿಯುವ ಹೊತ್ತಿನಿಂದ ಚಳಿ ಹಿಡಿಯುವವರೆಗೆ ಕಾಟ ಹೆಚ್ಚು. ಹಟ್ಟಿಯ ಸುತ್ತ ನಿಂತ ಕೆಸರು ನೀರು ಬಸಿದುಬಿಡಿ, ಸಂಜೆ ಬೇವಿನ ಸೊಪ್ಪಿನ ಹೊಗೆ ಹಾಕಿ. ಬಾಯಿ ನೊಂದ ಕುರಿಗೆ ತೆಳ್ಳನೆಯ ಜೋಳದ ಗಂಜಿ, ನೆರಳು ಬೇಕು. ಬಿಸಿಲಿನಲ್ಲಿ ನಡೆಸಿದರೆ ಸಾಯುತ್ತದೆ.

ಮೂರನೆಯದು ಬಾಯಿಹುಣ್ಣು, ಓರ್ಫ್ ಎನ್ನುತ್ತಾರೆ. ಮರಿಗಳ ತುಟಿಯ ಅಂಚಿನಲ್ಲಿ ಹೂಕೋಸಿನಂತೆ ಒರಟು ಹೊಪ್ಪಳೆ. ಜ್ವರ ಸಾಮಾನ್ಯವಾಗಿ ಇರುವುದಿಲ್ಲ. ಕೆಲವು ವಾರಗಳಲ್ಲಿ ತಾನೇ ಒಣಗುತ್ತದೆ. ಹೊಪ್ಪಳೆಯನ್ನು ಕಿತ್ತು ಉಪ್ಪು ತಿಕ್ಕುವುದನ್ನು ಬಿಡಿ, ಮರಿಗೆ ಹಿಂಸೆ, ಗಾಯವೂ ಹೆಚ್ಚುತ್ತದೆ. ಇದು ಮನುಷ್ಯರ ಕೈಗೂ ಅಂಟುತ್ತದೆ. ಕೈಗವಸಿಲ್ಲದೆ ಮುಟ್ಟಬೇಡಿ.

ಬಾಲದಡಿ, ತೊಡೆಸಂದು, ಹೊಟ್ಟೆಯಡಿ ಹೀಗೆ ಉಣ್ಣೆ ಇಲ್ಲದ ಕಡೆ ಗಂಟುಗಳೆದ್ದು ಜ್ವರವೂ ಇದ್ದರೆ ಕುರಿ ಸಿಡುಬು.

ಪಿಪಿಆರ್, ನೀಲಿನಾಲಿಗೆ, ಸಿಡುಬು ಮೂರಕ್ಕೂ ಕಾರಣ ವೈರಸ್. ಆಂಟಿಬಯಾಟಿಕ್ ವೈರಸ್ಸನ್ನು ಕೊಲ್ಲುವುದಿಲ್ಲ. ಮೇಲೆ ಬೀಳುವ ಬೇರೆ ಸೋಂಕನ್ನು ತಡೆಯಲು ವೈದ್ಯರು ಕೊಡಬಹುದು, ಅಂಗಡಿಯಿಂದ ತಂದು ನೀವೇ ಚುಚ್ಚಬೇಡಿ. ನಿಜವಾದ ಕಾವಲು ಲಸಿಕೆ. ಪಿಪಿಆರ್ ಲಸಿಕೆ ಒಮ್ಮೆ ಹಾಕಿದರೆ ಮೂರು ವರ್ಷ ಕಾಯುತ್ತದೆ. ಸಂತೆಯಿಂದ ತಂದ ಕುರಿಯನ್ನು ಮೂರು ವಾರ ಬೇರೆ ಕಟ್ಟಿ, ಅದರ ನೀರಿನ ತೊಟ್ಟಿಯೂ ಬೇರೆಯಿರಲಿ. ಇಂಥ ಅಂಟುರೋಗಗಳ ಶಂಕೆ ಬಂದಾಗ ತಿಳಿಸುವುದು 2009ರ ಪ್ರಾಣಿಗಳ ಸಾಂಕ್ರಾಮಿಕ ರೋಗ ತಡೆ ಕಾಯ್ದೆಯ ಪ್ರಕಾರ ಮಾಲೀಕರ ಕರ್ತವ್ಯ. ಕಾಯ್ದೆಯ ಮಾತು ಹಾಗಿರಲಿ, ಮುಚ್ಚಿಟ್ಟು ಹಿಂಡನ್ನು ಪಕ್ಕದೂರಿಗೆ ಹೊಡೆದುಕೊಂಡು ಹೋದರೆ ಅಲ್ಲಿನ ಹಿಂಡುಗಳೂ ಹೋಗುತ್ತವೆ. ಅವೂ ನಮ್ಮಂಥವರ ಮನೆಯ ಕುರಿಗಳೇ.

ಒಂದೇ ಕಡೆಗೆ ಸುತ್ತು ಹೊಡೆಯುತ್ತದೆ

ಕುರಿ ಒಂದೇ ದಿಕ್ಕಿಗೆ ಗಿರಗಿರ ತಿರುಗುತ್ತದೆ, ತಲೆ ಓರೆಯಾಗಿದೆ, ಒಂದು ಕಣ್ಣು ಕಾಣದು, ವಾರಗಳಿಂದ ಹೀಗೇ ಇದೆ, ಜ್ವರವಿಲ್ಲ. ಇದಕ್ಕೆ ಕಾರಣ ಬಹುತೇಕ ನಿಮ್ಮ ಹಟ್ಟಿಯ ನಾಯಿ. ನಾಯಿಯ ಕರುಳಿನ ಲಾಡಿಹುಳುವಿನ ಮೊಟ್ಟೆ ಹುಲ್ಲಿನ ಮೂಲಕ ಕುರಿಯ ಹೊಟ್ಟೆ ಸೇರಿ, ಮೆದುಳಿನಲ್ಲಿ ನೀರ್ಗುಳ್ಳೆಯಾಗಿ ಬೆಳೆಯುತ್ತದೆ. ಸತ್ತ ಕುರಿಯ ತಲೆಯನ್ನು ನಾಯಿ ತಿಂದರೆ ಚಕ್ರ ಮತ್ತೆ ಶುರು. ಗುಳ್ಳೆ ಬೆಳೆದ ಕುರಿಗೆ ಶಸ್ತ್ರಚಿಕಿತ್ಸೆ ಒಂದೇ ದಾರಿ. ಬೀದರಿನ ಪಶುವೈದ್ಯಕೀಯ ಕಾಲೇಜಿನಂಥ ದೊಡ್ಡ ಆಸ್ಪತ್ರೆಯಲ್ಲಿ ಕೇಳಿ ನೋಡಬಹುದು. ತಡೆಯುವುದಾದರೆ ಬಹಳ ಅಗ್ಗ: ಕಾವಲು ನಾಯಿಗಳಿಗೆ ವೈದ್ಯರು ಹೇಳಿದಂತೆ ಪ್ರಾಜಿಕ್ವಾಂಟೆಲ್ ಮಾತ್ರೆ ಕೊಡಿ, ಕುರಿಯ ಹಸಿ ತಲೆಯನ್ನು ನಾಯಿಗೆ ಎಸೆಯಬೇಡಿ. ಜ್ವರದೊಂದಿಗೆ ಇದ್ದಕ್ಕಿದ್ದಂತೆ ಸುತ್ತು ಶುರುವಾದರೆ ಮೆದುಳಿನ ಸೋಂಕು, ಅದೇ ದಿನ ಚಿಕಿತ್ಸೆ ಬೇಕು.

ರಾತ್ರಿ ಚೆನ್ನಾಗಿತ್ತು, ಬೆಳಿಗ್ಗೆ ಸತ್ತಿತ್ತು

ಸತ್ತ ಕುರಿಯ ಹತ್ತಿರ ಹೋಗುವ ಮುಂಚೆ ದೂರದಿಂದಲೇ ಮೂಗು, ಬಾಯಿ, ಗುದದ್ವಾರ ನೋಡಿ. ಹೆಪ್ಪುಗಟ್ಟದ ಕಪ್ಪು ರಕ್ತ ಸುರಿದಿದ್ದರೆ, ಹೆಣ ಬೇಗ ಊದಿದ್ದು ಸೆಟೆದುಕೊಂಡಿಲ್ಲದಿದ್ದರೆ, ಅದು ನೆರಡಿ ರೋಗ, ಅಂದರೆ ಆಂಥ್ರಾಕ್ಸ್ ಇರಬಹುದು. ಮುಟ್ಟಬೇಡಿ, ಚರ್ಮ ಸುಲಿಯಬೇಡಿ, ಕೊಯ್ಯಬೇಡಿ, ಮಾಂಸ ಹಂಚಬೇಡಿ. ಒಳಗಿರುವ ರೋಗಾಣು ಗಾಳಿ ಸೋಕಿದರೆ ಬೀಜಾಣುವಾಗಿ ಮಣ್ಣಿನಲ್ಲಿ ದಶಕಗಟ್ಟಲೆ ಬದುಕುತ್ತದೆ, ಮನುಷ್ಯರನ್ನೂ ಕೊಲ್ಲುತ್ತದೆ. ನಾಯಿ, ಹದ್ದುಗಳು ಬರದಂತೆ ಕಾದು ವೈದ್ಯರನ್ನು ಕರೆಯಿರಿ. ಅವರು ಹೇಳಿದಂತೆ ಸುಣ್ಣ ಹಾಕಿ ಆಳದ ಗುಂಡಿಯಲ್ಲಿ, ನೀರಿನ ಮೂಲಕ್ಕೆ ದೂರವಾಗಿ ಹೂಳಬೇಕು. ಹೆಣ ಮುಟ್ಟಿದವರ ಕೈಯಲ್ಲಿ ಕಪ್ಪು ಹುಣ್ಣು ಎದ್ದರೆ ಕೂಡಲೇ ಆಸ್ಪತ್ರೆಗೆ ಹೋಗಿ ಕುರಿಯ ಸಂಗತಿ ಹೇಳಲಿ.

ಅಂಥ ರಕ್ತಸ್ರಾವವಿಲ್ಲದೆ, ಹಿಂಡಿನ ಅತ್ಯಂತ ಕೊಬ್ಬಿದ ಮರಿಯೇ ಸತ್ತಿದ್ದರೆ ಕರುಳುಬೇನೆಯನ್ನು ಯೋಚಿಸಿ. ಮುಂಗಾರಿನ ಮೊದಲ ಮಳೆಗೆ ಗುಡ್ಡ ಚಿಗುರಿದಾಗ, ಅಥವಾ ಸುಗ್ಗಿಯ ಕೂಳೆಯಲ್ಲಿ ಕಾಳು ಸಿಕ್ಕಾಗ, ಚೆನ್ನಾಗಿ ತಿನ್ನುವ ಮರಿಯ ಕರುಳಿನಲ್ಲಿ ಮೊದಲೇ ಇದ್ದ ಕ್ಲಾಸ್ಟ್ರೀಡಿಯಂ ಎಂಬ ಬ್ಯಾಕ್ಟೀರಿಯಾ ಒಮ್ಮೆಲೇ ಬೆಳೆದು ವಿಷ ಸುರಿಸುತ್ತದೆ. ಕೈಕಾಲು ಬಡಿದು, ತಲೆ ಹಿಂದಕ್ಕೆ ಸೆಟೆದು ಸಾಯುತ್ತದೆ. ಚಿಕಿತ್ಸೆಗೆ ಸಮಯವೇ ಇರುವುದಿಲ್ಲ. ಉಳಿದವನ್ನು ಎಳೆಹುಲ್ಲಿನಿಂದ ತೆಗೆದು ಒಣಮೇವಿಗೆ ಹಾಕಿ. ಮಳೆಗೆ ಮುಂಚೆ ಲಸಿಕೆ ಹಾಕಿಸಿದ್ದರೆ ಈ ಸಾವು ತಪ್ಪುತ್ತಿತ್ತು. ಮೊದಲ ಬಾರಿ ಹಾಕಿಸುವ ಮರಿಗಳಿಗೆ ಎರಡು ಮೂರು ವಾರಗಳ ಅಂತರದಲ್ಲಿ ಎರಡು ಬಾರಿ ಬೇಕು, ಆಮೇಲೆ ವರ್ಷಕ್ಕೊಮ್ಮೆ.

ಸಾವಿನ ಕಾರಣ ತಿಳಿಯದಿದ್ದಾಗ ಮರಣೋತ್ತರ ಪರೀಕ್ಷೆಗೆ ವೈದ್ಯರನ್ನು ಕರೆಯಲು ಹಿಂಜರಿಯಬೇಡಿ. ಸರ್ಕಾರದ ಅನುಗ್ರಹ ಯೋಜನೆಯ ಪರಿಹಾರಕ್ಕೂ ಅದರ ವರದಿ ಬೇಕು.

ಗಬ್ಬ ಹೋಗುತ್ತದೆ

ಒಂದು ಕುರಿ ಗಬ್ಬ ಕಳೆದುಕೊಂಡರೆ ಗುದ್ದಾಟ, ಬಿದ್ದದ್ದು ಕಾರಣವಿರಬಹುದು. ಒಂದೇ ಋತುವಿನಲ್ಲಿ ಎರಡನೆಯದೂ ಹೋದರೆ ಸೋಂಕು ಎಂದೇ ತಿಳಿದು ನಡೆದುಕೊಳ್ಳಿ. ಬ್ರುಸೆಲ್ಲಾ ಮುಂತಾದವು ಮನುಷ್ಯರಿಗೂ ಬಂದು ತಿಂಗಳುಗಟ್ಟಲೆ ಏರಿಳಿಯುವ ಜ್ವರ, ಕೀಲುನೋವು ಕೊಡುತ್ತವೆ. ಸತ್ತ ಮರಿ, ಮಾಸು, ನೆನೆದ ಮಣ್ಣನ್ನು ಕೈಗವಸು ಹಾಕಿ ಎತ್ತಿ, ಸುಣ್ಣ ಹಾಕಿ ಹೂಳಿ. ಮನೆಯಲ್ಲಿ ಹೆರಿಗೆ ಮಾಡಿಸುವ ಕೆಲಸ ಹೆಂಗಸರ ಪಾಲಿಗೇ ಬೀಳುತ್ತದೆ, ಬಸುರಿಯರನ್ನು ಈ ಕೆಲಸದಿಂದ ದೂರವಿಡಿ. ಆ ಕುರಿಯ ಹಸಿ ಹಾಲನ್ನು ಯಾರೂ ಕುಡಿಯಬಾರದು. ಹೂಳುವ ಮುಂಚೆ ವೈದ್ಯರಿಗೆ ಫೋನ್ ಮಾಡಿ ಮಾದರಿ ಬೇಕೇ ಎಂದು ಕೇಳಿ.

ವೈದ್ಯರ ಬಳಿಗೆ ಹಿಕ್ಕೆ ಒಯ್ಯುವಾಗ

ನೆಲದ ಮೇಲಿನದು ಬೇಡ, ಕುರಿಯ ಗುದದ್ವಾರದಿಂದಲೇ ಕೈಗವಸಿನ ಬೆರಳಿನಿಂದ ತೆಗೆದ ತಾಜಾ ಹಿಕ್ಕೆ ಬೇಕು. ಸೊರಗಿದ ಕುರಿಗಳಿಂದಲೂ ಚೆನ್ನಾಗಿರುವವುಗಳಿಂದಲೂ ಬೇರೆ ಬೇರೆ ಪೊಟ್ಟಣಗಳಲ್ಲಿ ಕಟ್ಟಿ, ಯಾವುದು ಯಾವುದರದು ಎಂದು ಬರೆಯಿರಿ. ತಂಪಾಗಿ ಇಟ್ಟುಕೊಂಡು ಅದೇ ದಿನ ತಲುಪಿಸಿ, ಬಿಸಿಲಿನಲ್ಲಿ ಬೈಕಿನ ಡಬ್ಬಿಯಲ್ಲಿ ಕಾದರೆ ಮೊಟ್ಟೆಗಳು ಒಡೆದು ಲೆಕ್ಕ ತಪ್ಪುತ್ತದೆ. ಔಷಧ ಕೊಟ್ಟ ಹತ್ತರಿಂದ ಹದಿನಾಲ್ಕು ದಿನಗಳ ನಂತರ ಅದೇ ಕುರಿಗಳ ಹಿಕ್ಕೆಯನ್ನು ಮತ್ತೆ ತೋರಿಸಿ. ಮೊಟ್ಟೆಗಳ ಸಂಖ್ಯೆ ಇಳಿಯದಿದ್ದರೆ ಆ ಔಷಧ ನಿಮ್ಮ ಹಿಂಡಿನಲ್ಲಿ ಕೆಲಸ ನಿಲ್ಲಿಸಿದೆ, ಬೇರೆ ಗುಂಪಿನ ಔಷಧ ಬರೆಸಿಕೊಳ್ಳಿ. ಪೊಟ್ಟಣದ ಮೇಲೆ ಕುರಿಯ ವಯಸ್ಸು, ಕೊನೆಯ ಔಷಧ ಕೊಟ್ಟ ತಾರೀಖು, ಆ ವಾರ ಹಿಂಡು ಮೇಯ್ದ ಜಾಗ ಇಷ್ಟನ್ನೂ ಬರೆದಿರಿ. ಗುಡ್ಡವೋ, ಗದ್ದೆಯೋ, ಕೆರೆಯಂಗಳವೋ ಎಂಬ ಒಂದು ಪದದಿಂದ ಯಾವ ಹುಳುವಿನ ಮೊಟ್ಟೆ ಹುಡುಕಬೇಕೆಂದು ವೈದ್ಯರಿಗೆ ತಿಳಿಯುತ್ತದೆ.